ದಣಿವಿಗೂ ಒಂದು ಕಾರಣವಿದೆ

ನಾಸಿಕ್‌ನಲ್ಲಿ ಮನೆ, ಛತ್ರಪತಿ ಸಂಭಾಜಿನಗರದಲ್ಲಿ ಪ್ರಾಜೆಕ್ಟ್. ನನಗೆ ಸದಾ ಸುಸ್ತು. ಓಡಾಟದಿಂದ ಎಂದುಕೊಂಡಿದ್ದೆ. ರಕ್ತಪರೀಕ್ಷೆಯಲ್ಲಿ ಕಂಡದ್ದು ಬಿ12 ಕೊರತೆ.

ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಉಂಡ ಅನ್ನದಿಂದ ಎಟಿಪಿ ಎಂಬ ಶಕ್ತಿ ತಯಾರಿಸುತ್ತದೆ. ವಿಟಮಿನ್ ಇಂಧನವಲ್ಲ; ಬಿ1, ಬಿ2, ಬಿ3 ಆ ಅಡುಗೆಮನೆಯ ಸಹಾಯಕರು. ಉರಿಯಲು ಬೇಕಾದ ಆಮ್ಲಜನಕ ತರುವುದು ಕೆಂಪು ರಕ್ತಕಣ. ಅದು ಬೆಳೆಯಲು ಬಿ12 ಬೇಕು. ಸಸ್ಯಾಹಾರಿಗಳಾದ ನಮಗದು ಮುಖ್ಯವಾಗಿ ಹಾಲು, ಮೊಸರಿನಲ್ಲಿ ಸಿಗುತ್ತದೆ.

ಇದೇ ಶಕ್ತಿಸರಪಳಿಯ ಸೈಟೋಕ್ರೋಮ್ ಸಿ ಸಸ್ಯಗಳಲ್ಲೂ ಇದೆಯೆಂದು ಕೇಂಬ್ರಿಡ್ಜ್‌ನಲ್ಲಿ ತೋರಿಸಿದವರು ಕಮಲಾ ಸೊಹೊನಿ. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದ್ದರು. ಅವರು ಪಟ್ಟು ಬಿಡಲಿಲ್ಲ.

ಗೆಳತಿಯರೇ, "ಹೆಂಗಸರಿಗೆ ಸುಸ್ತು ಇದ್ದದ್ದೇ" ಎಂಬ ಮಾತನ್ನು ನಾವೂ ಒಪ್ಪುವುದು ಬೇಡ. ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.