ಪಿಕಪ್ ವಾಹನದ ಎತ್ತರ ಹೆಚ್ಚಿಸುವ ಮುನ್ನ

ಹಿಂದೆ ಮನೆಯ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಪಿಕಪ್ ವಾಹನ ನಿಂತಿರುವುದು ಅನೇಕ ಹಳ್ಳಿಗಳಲ್ಲಿ ಕಂಡುಬರುವ ನೋಟ. ಟೊಮೆಟೊ, ಶುಂಠಿ, ಈರುಳ್ಳಿ, ಹಾಲಿನ ಕ್ಯಾನು, ಗೊಬ್ಬರದ ಚೀಲ ಎಲ್ಲವೂ ಇದರಲ್ಲಿಯೇ ಸಾಗುತ್ತವೆ. ಆದರೆ ತೋಟದ ದಾರಿ ಡಾಂಬರು ರಸ್ತೆಯಲ್ಲ. ಮಳೆಗಾಲದಲ್ಲಿ ಟ್ರಾಕ್ಟರು ಓಡಾಡಿ ಆಳವಾದ ಜಾಡು ಬೀಳುತ್ತದೆ, ನಡುವಿನ ದಿಬ್ಬ ವಾಹನದ ತಳಕ್ಕೆ ತಗಲುತ್ತದೆ. ಆಗ ವಾಹನವನ್ನು ಎರಡು ಅಂಗುಲ ಎತ್ತರಿಸಿದರೆ ಹೇಗೆ ಎಂಬ ಯೋಚನೆ ಬರುವುದು ಸಹಜ. ಇದಕ್ಕೆಂದೇ ತಯಾರಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಸೆಟ್ಟುಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಇವುಗಳಿಂದ ಆಗುವ ಲಾಭವೇನು, ಆಗದೇ ಇರುವುದೇನು, ಜೋಡಿಸುವಾಗ ಯಾವ ಎಚ್ಚರ ಬೇಕು ಎಂಬುದನ್ನು ಹಣ ಹಾಕುವ ಮೊದಲೇ ತಿಳಿದುಕೊಳ್ಳುವುದು ಅವಶ್ಯಕ.

ಈ ಬಗೆಯ ಮಾರ್ಪಾಡು ಹೆಚ್ಚಾಗಿ ಬೆಳೆದದ್ದು ಆಸ್ಟ್ರೇಲಿಯ, ಅಮೆರಿಕ ಮುಂತಾದ ದೇಶಗಳಲ್ಲಿ. ಆಸ್ಟ್ರೇಲಿಯದಲ್ಲಿ ಪಿಕಪ್ಪಿಗೆ 'ಯೂಟ್' ಎಂದು ಹೆಸರು. ಭಾನುವಾರ ಚರ್ಚಿಗೆ ಹೋಗಲು, ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲು ಒಂದೇ ವಾಹನ ಬೇಕೆಂದು ಅಲ್ಲಿನ ರೈತ ಮಹಿಳೆಯೊಬ್ಬರು ಫೋರ್ಡ್ ಕಂಪನಿಗೆ ಪತ್ರ ಬರೆದರೆಂದೂ, ಅದರ ಫಲವಾಗಿ 1934ರಲ್ಲಿ ಮೊದಲ ಯೂಟ್ ಹೊರಬಂದಿತೆಂದೂ ಪ್ರಸಿದ್ಧ ಕಥೆಯಿದೆ. ಜನ ಮತ್ತು ಸರಕು ಎರಡನ್ನೂ ಹೊರಬೇಕಾದ್ದರಿಂದ ಪಿಕಪ್ಪಿನ ಸಸ್ಪೆನ್ಶನ್ ಒಂದು ಹೊಂದಾಣಿಕೆಯ ವ್ಯವಸ್ಥೆ. ಖಾಲಿ ಇದ್ದಾಗ ಕುಪ್ಪಳಿಸಬಾರದು, ಹೊರೆ ಹೇರಿದಾಗ ಕುಸಿಯಬಾರದು. ಒಂದು ಭಾಗವನ್ನು ಬದಲಿಸಿದರೆ ಈ ಹೊಂದಾಣಿಕೆ ಪೂರ್ತಿಯಾಗಿ ಬದಲಾಗುತ್ತದೆ.

ಏನು ಏರುತ್ತದೆ, ಏನು ಏರುವುದಿಲ್ಲ

ಎತ್ತಿನ ಗಾಡಿಯ ಅಚ್ಚಿನ ಮೇಲೆ ಒಂದು ಮರದ ತುಂಡು ಇಟ್ಟು ಅದರ ಮೇಲೆ ಗಾಡಿಯ ಹಾಸು ಕೂರಿಸಿದರೆ ಹಾಸು ಮೇಲೇರುತ್ತದೆ. ಆದರೆ ಅಚ್ಚು ನೆಲದಿಂದ ಇದ್ದಷ್ಟೇ ಎತ್ತರದಲ್ಲಿ ಉಳಿಯುತ್ತದೆ. ಅಚ್ಚು ಏರಬೇಕಾದರೆ ದೊಡ್ಡ ಚಕ್ರವನ್ನೇ ಹಾಕಬೇಕು. ಪಿಕಪ್ಪಿನ ಲೆಕ್ಕವೂ ಇದೇ. ಬಹುತೇಕ ಪಿಕಪ್ಪುಗಳಲ್ಲಿ ಹಿಂದಿನ ಅಚ್ಚು ಒಂದೇ ಗಟ್ಟಿ ತುಂಡು; ಅದರ ನಡುವೆ ಗಡಿಗೆಯಂತೆ ಉಬ್ಬಿರುವುದು ಡಿಫರೆನ್ಶಿಯಲ್. ವಾಹನದ ಅತ್ಯಂತ ತಗ್ಗಿನ ಭಾಗ ಸಾಮಾನ್ಯವಾಗಿ ಇದೇ. ಸ್ಪ್ರಿಂಗ್ ಬದಲಿಸಿ ವಾಹನವನ್ನು 50 ಮಿ.ಮೀ. ಎತ್ತರಿಸಿದರೆ ಚಾಸಿ, ಡೀಸೆಲ್ ಟ್ಯಾಂಕು, ಬಂಪರು ಮೇಲೇರುತ್ತವೆ. ಡಿಫರೆನ್ಶಿಯಲ್ ಮಾತ್ರ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಅದು ಏರುವುದು ಟೈರಿನಿಂದ ಮಾತ್ರ, ಅದೂ ಟೈರಿನ ವ್ಯಾಸ ಹೆಚ್ಚಿದುದರ ಅರ್ಧದಷ್ಟು. ಟೈರಿನ ವ್ಯಾಸ 50 ಮಿ.ಮೀ. ಹೆಚ್ಚಿದರೆ ಅಚ್ಚು 25 ಮಿ.ಮೀ. ಏರುತ್ತದೆ.

ಆದ್ದರಿಂದ ತೋಟದ ದಾರಿಯಲ್ಲಿ ತಗಲುತ್ತಿರುವುದು ಯಾವ ಭಾಗ ಎಂಬುದನ್ನು ಮೊದಲು ಬಗ್ಗಿ ನೋಡಬೇಕು. ಡಿಫರೆನ್ಶಿಯಲ್ಲಿನ ತಳದಲ್ಲಿ ಉಜ್ಜಿದ ಗುರುತಿದ್ದರೆ ಸ್ಪ್ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಬಂಪರು, ಫುಟ್‌ಬೋರ್ಡು, ಟ್ಯಾಂಕಿನ ರಕ್ಷಾ ತಗಡು ಇವುಗಳಲ್ಲಿ ಗುರುತಿದ್ದರೆ ಮಾತ್ರ ಪ್ರಯೋಜನವುಂಟು.

ಎತ್ತರ ಬೇರೆ, ಹೊರೆ ಬೇರೆ

ಹೊಸ ಸ್ಪ್ರಿಂಗ್ ಹಾಕಿಸಿದರೆ ಅಥವಾ ಇರುವ ಕಟ್ಟಿಗೆ ಒಂದು ಪಟ್ಟಿ ಹೆಚ್ಚಿಸಿದರೆ ಹೆಚ್ಚು ಹೊರೆ ಹೇರಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು ಕಲ್ಪನೆ, ಅಪಾಯಕರವೂ ಹೌದು. ಹೊರೆಯನ್ನು ಹೊರುವುದು ಸ್ಪ್ರಿಂಗ್ ಒಂದೇ ಅಲ್ಲ. ಅಚ್ಚು, ಬೇರಿಂಗು, ಟೈರು, ಚಾಸಿ ಎಲ್ಲವೂ ಹೊರುತ್ತವೆ. ಬ್ರೇಕು ಅದನ್ನು ನಿಲ್ಲಿಸುತ್ತದೆ. ಸ್ಪ್ರಿಂಗ್ ಗಟ್ಟಿಯಾದ ಮಾತ್ರಕ್ಕೆ ಇವು ಗಟ್ಟಿಯಾಗುವುದಿಲ್ಲ. ಮೊದಲು ಹೊರೆ ಹೆಚ್ಚಾದಾಗ ವಾಹನ ಕುಸಿದು ಎಚ್ಚರಿಕೆ ಕೊಡುತ್ತಿತ್ತು, ಈಗ ಆ ಎಚ್ಚರಿಕೆಯೂ ಇಲ್ಲದಂತಾಗುತ್ತದೆ.

ಉದಾಹರಣೆಗೆ, ನೋಂದಣಿ ಪತ್ರದಲ್ಲಿ ಒಟ್ಟು ತೂಕದ ಮಿತಿ 2,800 ಕಿ.ಗ್ರಾಂ., ಖಾಲಿ ತೂಕ 1,600 ಕಿ.ಗ್ರಾಂ. ಇದೆ ಎಂದುಕೊಳ್ಳೋಣ. ಉಳಿಯುವುದು 1,200 ಕಿ.ಗ್ರಾಂ. ಇದರಲ್ಲಿ ಕಬ್ಬಿಣದ ಬಂಪರು ಮತ್ತು ಚೌಕಟ್ಟಿಗೆ 150, ಇಬ್ಬರು ಕುಳಿತರೆ ಮತ್ತೆ 150 ಕಳೆದರೆ ಸರಕಿಗೆ ದೊರೆಯುವುದು 900 ಕಿ.ಗ್ರಾಂ. ಮಾತ್ರ. ಯಾವ ಸ್ಪ್ರಿಂಗ್ ಹಾಕಿಸಿದರೂ ಈ ಸಂಖ್ಯೆ ಬದಲಾಗದು.

ಗಟ್ಟಿ ಸ್ಪ್ರಿಂಗಿನಿಂದ ಇನ್ನೊಂದು ನಷ್ಟವೂ ಇದೆ. ಅರ್ಧ ಹೊರೆಯಲ್ಲಿ ಅದು ಬಗ್ಗುವುದೇ ಇಲ್ಲ. ರಸ್ತೆಯ ಪ್ರತಿಯೊಂದು ಏಟೂ ನೇರವಾಗಿ ಸರಕಿಗೆ ತಲಪುತ್ತದೆ. ಟೊಮೆಟೊ, ಬಾಳೆಹಣ್ಣು, ಪಪ್ಪಾಯಿ ಸಾಗಿಸುವವರಿಗೆ ಇದು ಮಾರುಕಟ್ಟೆಯಲ್ಲಿ ದರ ಕಡಿಮೆಯಾಗುವ ವಿಷಯ. ಖಾಲಿ ಬರುವಾಗ ಹಿಂದಿನ ಚಕ್ರಗಳು ಕುಪ್ಪಳಿಸಿ ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುವುದೂ ಉಂಟು.

ಮಗುಚುವ ಅಪಾಯ

ವಾಹನ ಎತ್ತರವಾದಷ್ಟೂ ಅದರ ಗುರುತ್ವ ಕೇಂದ್ರ ಮೇಲೇರುತ್ತದೆ. ಎಡ ಬಲ ಚಕ್ರಗಳ ನಡುವಿನ ಅಂತರ 150 ಸೆಂ.ಮೀ., ಗುರುತ್ವ ಕೇಂದ್ರದ ಎತ್ತರ 75 ಸೆಂ.ಮೀ. ಇದ್ದಲ್ಲಿ, ನಿಂತ ವಾಹನ ಲೆಕ್ಕದ ಪ್ರಕಾರ ಪಕ್ಕಕ್ಕೆ 45 ಡಿಗ್ರಿ ವಾಲುವವರೆಗೆ ಮಗುಚದು. ಕೇಂದ್ರವನ್ನು 5 ಸೆಂ.ಮೀ. ಏರಿಸಿದರೆ ಇದು ಸುಮಾರು 43 ಡಿಗ್ರಿಗೆ ಇಳಿಯುತ್ತದೆ. ಅದೇ ವಾಹನದಲ್ಲಿ ಮೂಟೆಗಳನ್ನು ಎತ್ತರಕ್ಕೆ ಒಟ್ಟಿ ಕೇಂದ್ರ 115 ಸೆಂ.ಮೀ.ಗೆ ಏರಿದರೆ ಸುಮಾರು 33 ಡಿಗ್ರಿಗೇ ಮಗುಚುತ್ತದೆ. ಸ್ಪ್ರಿಂಗ್ ಮತ್ತು ಟೈರು ಒಂದು ಬದಿಗೆ ಅದುಮಿಕೊಳ್ಳುವುದರಿಂದಲೂ, ತಿರುವಿನ ವೇಗದಿಂದಲೂ ನಿಜವಾದ ಮಿತಿ ಇದಕ್ಕಿಂತ ಬಹಳ ಕಡಿಮೆ. ಎತ್ತರಿಸಿದ ವಾಹನದಲ್ಲಿ ಎತ್ತರದ ಹೊರೆ, ಹೊರೆಯ ಮೇಲೆ ಕೂಲಿ ಆಳುಗಳು, ಜೊತೆಗೆ ಘಾಟಿಯ ತಿರುವು: ಇವು ಎಂದಿಗೂ ಒಟ್ಟಿಗೆ ಸೇರಬಾರದು. ಸರಕಿನ ಮೇಲೆ ಜನರನ್ನು ಕೂರಿಸುವುದಂತೂ ಯಾವ ವಾಹನದಲ್ಲಿಯೂ ಕೂಡದು.

ಮೊದಲು ಮಾಡಬೇಕಾದ ಅಗ್ಗದ ಕೆಲಸಗಳು

ಅನೇಕ ವೇಳೆ ವಾಹನ ತಗ್ಗಾಗಿರುವುದಕ್ಕೆ ಕಾರಣ ಅದರ ಮೂಲ ಎತ್ತರವಲ್ಲ, ಹಳೆಯ ಸ್ಪ್ರಿಂಗ್ ಸೋತಿರುವುದು. ವಾಹನವನ್ನು ಖಾಲಿ ಮಾಡಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಬೇಕು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಬೇಕು. ಎಡಕ್ಕೂ ಬಲಕ್ಕೂ ಗಮನಾರ್ಹ ವ್ಯತ್ಯಾಸ ಕಂಡರೆ ಪಟ್ಟಿ ಮುರಿದಿದೆಯೇ, ಬುಷ್ ಸವೆದಿದೆಯೇ ನೋಡಬೇಕು. ಕಂಪನಿಯ ಮೂಲ ಅಳತೆಯ ಹೊಸ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಕಳೆದುಹೋದ ಎತ್ತರ ಮರಳಿ ಬರುತ್ತದೆ.

ಕೆಸರಿಗೆ ತಕ್ಕ ಹಲ್ಲಿರುವ ಟೈರುಗಳು ಎತ್ತರಕ್ಕಿಂತ ಹೆಚ್ಚು ಸಹಾಯ ಮಾಡುತ್ತವೆ. ದಾರಿಯಲ್ಲಿ ಎರಡು ಮೂರು ಕಡೆ ಮಾತ್ರ ವಾಹನ ಸಿಕ್ಕಿಕೊಳ್ಳುವುದಾದರೆ ಅಲ್ಲಿಗೆ ಒಂದೆರಡು ಲೋಡು ಗರಸು ಹಾಕಿ ನೀರು ಹೋಗಲು ಕಾಲುವೆ ತೆಗೆಯುವುದು ಉತ್ತಮ. ವಾಹನವನ್ನು ಎತ್ತುವುದಕ್ಕಿಂತ ದಾರಿಯನ್ನು ಎತ್ತುವುದು ಎಷ್ಟೋ ವೇಳೆ ಅಗ್ಗ.

ಕಾನೂನಿನ ಮಾತು

1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದುದಕ್ಕಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದಕಾರಣ ಸಾಮಾನು ಕೊಳ್ಳುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲವಾದಲ್ಲಿ ಅಪಘಾತದ ನಂತರ ಪರಿಹಾರಕ್ಕೆ ತೊಡಕಾಗಬಹುದು. ಮಾರ್ಪಾಡು ಬಹಳ ಬಳಕೆಯಲ್ಲಿರುವ ಆಸ್ಟ್ರೇಲಿಯದಲ್ಲಿಯೂ ಎತ್ತರ ಇಷ್ಟೇ ಇರಬೇಕೆಂಬ ಮಿತಿಗಳಿವೆ, ಅದನ್ನು ಮೀರಿದರೆ ಎಂಜಿನಿಯರರ ಪ್ರಮಾಣಪತ್ರ ಬೇಕು.

ಜೋಡಿಸುವ ಕ್ರಮ

ಅನುಮತಿ ದೊರೆತು, ಅವಶ್ಯಕತೆಯೂ ಖಚಿತವಾದಲ್ಲಿ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಎತ್ತರ 50 ಮಿ.ಮೀ. ಮೀರದಿರಲಿ. ಅದಕ್ಕಿಂತ ಹೆಚ್ಚಾದರೆ ಒಂದೊಂದು ಕೀಲೂ ತನ್ನ ಮಿತಿಯ ಕೋನವನ್ನು ಮುಟ್ಟುತ್ತದೆ.

2. ಸ್ಪ್ರಿಂಗನ್ನು ಕಾಯಂ ಹೊರೆಗೆ ತಕ್ಕಂತೆ ಆರಿಸಬೇಕು. ವರ್ಷದಲ್ಲಿ ಹತ್ತು ದಿನ ಹೇರುವ ಪೂರ್ಣ ಹೊರೆಗಾಗಿ ಉಳಿದ ದಿನಗಳೆಲ್ಲ ಗಟ್ಟಿ ಸ್ಪ್ರಿಂಗಿನಲ್ಲಿ ಓಡಾಡುವುದು ಜಾಣತನವಲ್ಲ. ಶಾಕ್ ಅಬ್ಸಾರ್ಬರುಗಳು ಅದೇ ಎತ್ತರಕ್ಕೆ ತಕ್ಕ ಉದ್ದದವಾಗಿರಬೇಕು. ಹಳೆಯ ಗಿಡ್ಡ ಶಾಕ್ ಉಳಿಸಿಕೊಂಡರೆ ಚಕ್ರ ಗುಂಡಿಗೆ ಇಳಿದಾಗ ಅದು ಪೂರ್ತಿ ಎಳೆದು ಕಿತ್ತುಬರುತ್ತದೆ.

3. ಹಿಂದಿನ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ತುಂಡು ಇಟ್ಟು ಎತ್ತರಿಸುವ ಪದ್ಧತಿಯಿದೆ. ಒಂದರ ಮೇಲೊಂದು ತುಂಡು ಪೇರಿಸಕೂಡದು. ಮರದ ತುಂಡು ಸಲ್ಲದು. ಸ್ಟೀರಿಂಗ್ ಇರುವ ಮುಂದಿನ ಅಚ್ಚಿಗಂತೂ ಯಾವ ತುಂಡನ್ನೂ ಇಡಲೇಬಾರದು.

4. ಮುಂಭಾಗವನ್ನು ಮಾತ್ರ ಎತ್ತರಿಸಬಾರದು. ಹೊರೆ ಹೇರಿದಾಗ ಹಿಂಭಾಗ ಇಳಿಯುವುದೆಂದೇ ತಯಾರಕರು ಖಾಲಿ ವಾಹನದ ಹಿಂಭಾಗವನ್ನು ತುಸು ಎತ್ತರವಾಗಿಟ್ಟಿರುತ್ತಾರೆ. ಅದನ್ನು ಕೆಡಿಸಿದರೆ ಹೊರೆಯೊಡನೆ ಮೂತಿ ಮೇಲಾಗಿ ಸ್ಟೀರಿಂಗ್ ಹಗುರಾಗುತ್ತದೆ.

5. ಕೆಲಸ ಮಾಡುವಾಗ ವಾಹನವನ್ನು ಜ್ಯಾಕಿನ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ನುಸುಳಬಾರದು. ಚಾಸಿಗೆ ಗಟ್ಟಿ ಸ್ಟ್ಯಾಂಡು ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಮುಂದಿನ ಕಾಯಿಲ್ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸರಿಯಾದ ಸಾಧನವಿಲ್ಲದೆ ಬಿಚ್ಚಬಾರದು. ಅದು ಸಿಡಿದರೆ ಪ್ರಾಣಕ್ಕೇ ಸಂಚಕಾರ.

6. ಯು-ಬೋಲ್ಟುಗಳನ್ನು ಹೊಸದಾಗಿ ಹಾಕಬೇಕು, ಹಳೆಯವು ಒಮ್ಮೆ ಎಳೆದುಕೊಂಡಿರುತ್ತವೆ. ನಾಲ್ಕು ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ, ಟಾರ್ಕ್ ಸ್ಪ್ಯಾನರಿನಿಂದ ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು.

7. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ವಾಹನ ನೆಲಕ್ಕಿಳಿದು ಚಕ್ರದ ಮೇಲೆ ಭಾರ ಬಿದ್ದ ನಂತರವೇ ಪೂರ್ತಿ ಬಿಗಿಯಬೇಕು. ತೂಗುತ್ತಿರುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಜೋಡಿಸಿದ ನಂತರದ ಪರೀಕ್ಷೆ

ಎಷ್ಟೋ ಕಡೆ ಕೆಲಸ ಇಲ್ಲಿಗೇ ಮುಗಿಯಿತೆಂದು ಬಿಡುತ್ತಾರೆ. ನಿಜವಾಗಿ ಮುಖ್ಯ ಭಾಗ ಇರುವುದು ಇಲ್ಲಿಯೇ.

ಮೊದಲನೆಯದು ಬ್ರೇಕು. ಚಕ್ರಗಳು ಪೂರ್ತಿ ಕೆಳಗಿಳಿದಾಗಲೂ, ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿದಾಗಲೂ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯಬಾರದು. ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೆ ಸಣ್ಣ ಸಲಾಕೆಯಿಂದ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಹೊರೆ ಬಿದ್ದು ವಾಹನ ಇಳಿದಾಗ ಇದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ವಾಹನವನ್ನು ಎತ್ತರಿಸಿ ಇದನ್ನು ಹೊಂದಿಸದೆ ಬಿಟ್ಟರೆ ತುಂಬಿದ ವಾಹನವನ್ನೂ ಅದು ಖಾಲಿಯೆಂದೇ ತಿಳಿಯುತ್ತದೆ. ಹಿಂದಿನ ಬ್ರೇಕು ಮಂದವಾಗುತ್ತದೆ. ಇಳಿಜಾರಿನಲ್ಲಿ ಇದರ ಫಲವೇನೆಂದು ಹೇಳಬೇಕಾಗಿಲ್ಲ.

ಎರಡನೆಯದು ಪ್ರೊಪೆಲ್ಲರ್ ಶಾಫ್ಟು. ಎತ್ತರ ಹೆಚ್ಚಿದಂತೆ ಇದರ ಇಳಿಜಾರು ಹೆಚ್ಚುತ್ತದೆ. ಒಂದು ವೇಗದಲ್ಲಿ ನಡುಕ ಅಥವಾ ಗುಂಯ್ ಎಂಬ ಸದ್ದು ಬಂದರೆ ಕೋನ ತಪ್ಪಿದೆಯೆಂದು ತಿಳಿಯಬೇಕು. ಸ್ಪ್ರಿಂಗಿನಡಿ ಉಕ್ಕಿನ ಬೆಣೆ ಇಟ್ಟು ಅಥವಾ ನಡುವಿನ ಬೇರಿಂಗನ್ನು ಇಳಿಸಿ ಇದನ್ನು ಸರಿಪಡಿಸಬಹುದು. ಅಲಕ್ಷ್ಯ ಮಾಡಿದರೆ ಶಾಫ್ಟಿನ ಕ್ರಾಸ್ ಹೋಗುತ್ತದೆ.

ಮೂರನೆಯದು ಚಕ್ರಗಳ ಅಲೈನ್‌ಮೆಂಟ್. ಇದನ್ನು ಅದೇ ದಿನ ಮಾಡಿಸಬೇಕು. ಹೆಡ್‌ಲೈಟುಗಳನ್ನು ಕೆಳಮುಖವಾಗಿ ಹೊಂದಿಸದಿದ್ದರೆ ಎದುರಿನ ಸೈಕಲ್ ಸವಾರನ ಕಣ್ಣು ಕುಕ್ಕುತ್ತದೆ.

ಮೊದಲಿನ ನಾಲ್ಕು ಅಳತೆಗಳನ್ನು ಮತ್ತೆ ತೆಗೆದು ಹಳೆಯವುಗಳ ಪಕ್ಕದಲ್ಲಿ ಬರೆದಿಡಬೇಕು. 100 ಕಿ.ಮೀ. ಓಡಿದ ಮೇಲೊಮ್ಮೆ, 500 ಕಿ.ಮೀ. ಆದ ಮೇಲೊಮ್ಮೆ ಯು-ಬೋಲ್ಟು ಮತ್ತಿತರ ನಟ್ಟುಗಳ ಬಿಗಿ ನೋಡಬೇಕು. ಮೊದಲ ವಾರ ಖಾಲಿಯಾಗಿ, ನಂತರ ಅರ್ಧ ಹೊರೆಯಲ್ಲಿ ಪರಿಚಿತ ದಾರಿಯಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಹಾಗೂ ತಿರುವಿನ ವರ್ತನೆಯನ್ನು ಅರಿತ ಮೇಲೆಯೇ ಪೂರ್ಣ ಹೊರೆ ಹೇರಬೇಕು.

ರೈತ ಬಾಂಧವರೆ, ಬೆಳೆಗೆ ಗೊಬ್ಬರ ಕೊಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವಂತೆಯೇ, ವಾಹನಕ್ಕೆ ಹಣ ಹಾಕುವ ಮೊದಲು ಅದರ ತಳ ನೋಡಬೇಕು, ಅಳತೆ ತೆಗೆಯಬೇಕು, ತೂಕ ಲೆಕ್ಕ ಹಾಕಬೇಕು. ಕೊರತೆ ಎಲ್ಲಿದೆಯೆಂದು ಗೊತ್ತಾದರೆ ಅರ್ಧ ಖರ್ಚು ಉಳಿಯುತ್ತದೆ. ಪಿಕಪ್ಪು ಎಷ್ಟು ಎತ್ತರ ನಿಂತಿದೆ ಎಂಬುದು ಮುಖ್ಯವಲ್ಲ. ಬೆಳೆದ ಮಾಲು ಕೆಡದೆ ಮಾರುಕಟ್ಟೆ ತಲಪಬೇಕು, ಓಡಿಸಿದವರು ಕ್ಷೇಮವಾಗಿ ಮನೆ ಸೇರಬೇಕು.