ಒದೆತ ಕಲಿತವರೆಲ್ಲ ಭಿಕ್ಷುಗಳಲ್ಲ



ಚೀನಾದ ಶಾವೊಲಿನ್ ಮಠ ಕ್ರಿ.ಶ. 495ರಲ್ಲಿ ಭಾರತದಿಂದ ಹೋದ ಭಿಕ್ಷುವೊಬ್ಬರಿಗಾಗಿ ಕಟ್ಟಿದ್ದು. 1982ರಲ್ಲಿ ಅದರ ಹೆಸರಿನ ಸಿನಿಮಾ ಬಂದ ಮೇಲೆ ಕುಂಗ್ ಫೂ ಕಲಿಯಲು ಹುಡುಗರು ಅಲ್ಲಿಗೆ ಮುಗಿಬಿದ್ದರು. ಸುತ್ತಲಿನ ಶಾಲೆಗಳಲ್ಲಿ ಒದೆತ, ಹೊಡೆತ ಕಲಿತವರಲ್ಲಿ ಹೆಚ್ಚಿನವರು ಭಿಕ್ಷುಗಳಾಗಲಿಲ್ಲ.

ಎಂಜಿನಿಯರನಾದ ನಾನು ಮೊದಲು ಅಡಿಪಾಯ ನೋಡುವವನು. ಅಲ್ಲಿನ ಅಡಿಪಾಯ ವ್ರತ. ತಲೆ ಬೋಳಿಸಿ, ಮದ್ಯ, ಮಾಂಸ, ಸಂಸಾರ ಬಿಡಬೇಕು; ಹುಟ್ಟಿದ ಮನೆತನದ ಹೆಸರನ್ನೂ ಬಿಡಬೇಕು. ಹಿಂದೆ ಚೀನೀ ಭಿಕ್ಷುಗಳು ತಂತಮ್ಮ ಗುರುವಿನ ಅಡ್ಡಹೆಸರು ಇಟ್ಟುಕೊಳ್ಳುತ್ತಿದ್ದರು. 4ನೇ ಶತಮಾನದಲ್ಲಿ ದಾವೊ ಆನ್ ಎಂಬ ಭಿಕ್ಷು, ಬುದ್ಧನೇ ಎಲ್ಲರ ಗುರುವಾದ್ದರಿಂದ ಶಾಕ್ಯಮುನಿಯ ಹೆಸರಿನ ‘ಶಿ’ಯೇ ಎಲ್ಲರಿಗೂ ಸಾಕೆಂದರು. ಇಂದಿಗೂ ಹಾಗೆಯೇ ನಡೆದಿದೆ.

ಯುವಕರೇ, ಒದೆತ ಕಲಿಯಿರಿ, ಮೈಗೆ ಒಳ್ಳೆಯದು. ಆದರೆ ಲಗ್ನಪತ್ರಿಕೆಯಲ್ಲಿ ಒಳಪಂಗಡ ಹುಡುಕುವ ನಮಗೆ ಕಷ್ಟದ ಪಾಠ ಆ ಒಂದಕ್ಷರದಲ್ಲಿದೆ.