ಹುಲ್ಲುಗಾವಲು ಹಸನು ಮಾಡುವಾಗ ಕೆರೆಯ ನೆನಪಿರಲಿ

(ಮಾಗಡಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಿಮ್ಮೂರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳಿಂದ ಊರಿಗೆ ಹೆಸರು ಬಂದಿದೆ. ಆದರೆ ನಾನು ದನದ ಡಾಕ್ಟರು. ಕೆರೆಗೆ ಇಳಿಯುವ ನೀರಿನಲ್ಲಿ ನಿಮ್ಮ ಮೇವಿನ ಹೊಲದ ಸತ್ವ ಎಷ್ಟು ಹೋಗುತ್ತದೆ ಎಂಬುದೇ ನನ್ನ ಚಿಂತೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೂರಿನಲ್ಲಿ, ಕರ್ಜಾದ ಹಳೆಯ ಹುಲ್ಲುಗಾವಲನ್ನು ಪೂರ್ತಿ ಉತ್ತು, ಗೊಬ್ಬರ ಚೆಲ್ಲಿ, ಹೊಸ ಹುಲ್ಲು ಬಿತ್ತಿರೆಂದು ಸಲಹೆ ಕೊಟ್ಟೆ. ರೋಹಿಣಿ ಮಳೆ ಒಂದೇ ಸಲ ಜಡಿಯಿತು. ಬೆಳಗ್ಗೆ ನೋಡಿದರೆ ಬೀಜ, ಗೊಬ್ಬರ, ಮೇಲ್ಮಣ್ಣು ಎಲ್ಲ ಹಳ್ಳದಲ್ಲಿ! ಆ ವರ್ಷ ಅವರಿಗೆ ಹಳೆಯ ಹುಲ್ಲೂ ಇಲ್ಲ, ಹೊಸದೂ ಇಲ್ಲ.

ಕಾರಣ ಸರಳ. ರಂಜಕ ಮಣ್ಣಿನ ಕಣಕ್ಕೆ ಅಂಟಿರುತ್ತದೆ, ಮಣ್ಣು ಹೋದರೆ ಅದೂ ಹೋಯಿತು. ಯೂರಿಯಾದ ಸಾರಜನಕ ನೀರಿನಲ್ಲಿ ಕರಗಿ ಹೋಗುತ್ತದೆ. 45 ಕೆ.ಜಿ. ಚೀಲದಲ್ಲಿ ಅದು ಇರುವುದೇ ಸುಮಾರು 21 ಕೆ.ಜಿ. ಇವೆರಡೂ ನಿಂತ ನೀರಿಗೆ ಸೇರಿದರೆ ಹಸಿರು ಪಾಚಿ ಹೆಪ್ಪುಗಟ್ಟುತ್ತದೆ. ಅದರಲ್ಲಿ ನೀಲಿ-ಹಸಿರು ಜಾತಿಯ ಕೆಲವು ವಿಷಕಾರಿ. ಅಂಥ ನೀರು ಕುಡಿದ ದನದ ಯಕೃತ್ತು ಕೆಡುತ್ತದೆ, ಕೆಲವೊಮ್ಮೆ ನಾವು ಬರುವಷ್ಟರಲ್ಲೇ ಪ್ರಾಣ ಹೋಗಿರುತ್ತದೆ. ಹಕ್ಕಿಯ ಹಿಕ್ಕೆಯೂ ಗೊಬ್ಬರವಲ್ಲವೇ ಎಂದು ಕೇಳುವಿರಿ. ಹೌದು, ಗೊಬ್ಬರವೇ. ಆದರೆ ಹಕ್ಕಿ ಬರುವುದು ಚಳಿಗಾಲಕ್ಕೆ, ಅದನ್ನು ತಡೆಯುವವರು ಯಾರು? ಮಳೆಗಾಲದ ಮಣ್ಣು ಮಾತ್ರ ನಮ್ಮ ಕೈಯಲ್ಲಿದೆ.

ಹಾಗಾದರೆ ಉಳುವುದೇ ಬೇಡವೇ? ಪೂರ್ತಿ ಉಳಬೇಡಿ. ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ಹರಗಿ, ನಡುವೆ ಹಳೆಯ ಹುಲ್ಲಿನ ಪಟ್ಟಿ ಬಿಡಿ. ಹರಿದು ಬರುವ ಮಣ್ಣನ್ನು ಅದು ಹಿಡಿದಿಡುತ್ತದೆ. ಬಿಟ್ಟ ಪಟ್ಟಿಯನ್ನು ಮುಂದಿನ ವರ್ಷ ಹರಗಿದರಾಯಿತು. ಹಳ್ಳದ ದಂಡೆಯನ್ನಂತೂ ಮುಟ್ಟಲೇಬೇಡಿ.

ಹರಗಿದ ಪಟ್ಟಿಗೆ ಸ್ಟೈಲೋ ಒಳ್ಳೆಯದು. ದ್ವಿದಳ ಮೇವಾದ್ದರಿಂದ ಸಾರಜನಕವನ್ನು ಬೇರಿನ ಗಂಟಿನಲ್ಲಿ ತಾನೇ ಕಟ್ಟಿಕೊಳ್ಳುತ್ತದೆ, ಯೂರಿಯಾ ಖರ್ಚಿಲ್ಲ. ಎಕರೆಗೆ ಸುಮಾರು 2 ಕೆ.ಜಿ. ಬೀಜ ಸಾಕು. ಸಿಪ್ಪೆ ಗಟ್ಟಿ, ಕುದಿ ಬರುವ ಮುಂಚಿನ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ರಾತ್ರಿ ತಣ್ಣೀರಲ್ಲಿ ನೆನೆಹಾಕಿ ಬಿತ್ತಿ. ಮೊದಲ ವರ್ಷ ದನ ಬಿಡದೆ ಕೊಯ್ದು ಹಾಕಿ.

ನೇಪಿಯರ್ ಹಾಕಿದವರು ಪ್ರತಿ ಕೊಯ್ಲಿನ ನಂತರ ಸ್ವಲ್ಪ ಸ್ವಲ್ಪವೇ ಯೂರಿಯಾ ಕೊಡಿ, ಅದೂ ಮಳೆ ಬಂದು ಹೋದ ಮೇಲೆ, ನೆಲ ಹಸಿಯಿದ್ದಾಗ. ಮೋಡ ಕಂಡು ಚೀಲ ಬಿಚ್ಚುವ ಅಭ್ಯಾಸ ಹಲವರಿಗಿದೆ. ಹೆಚ್ಚು ಯೂರಿಯಾ ಉಂಡು ಬಾಡಿದ ಜೋಳದ ಮೇವಿನಲ್ಲಿ ನೈಟ್ರೇಟ್ ಕೂಡುತ್ತದೆ. ಅದನ್ನು ಮೇಯ್ದ ದನದ ರಕ್ತ ಚಾಕಲೇಟ್ ಬಣ್ಣಕ್ಕೆ ತಿರುಗಿ ಉಸಿರು ಕಟ್ಟುತ್ತದೆ. ಅಂಥ ಲಕ್ಷಣ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಹೇಳಿ ಕಳಿಸಿ.

ಇನ್ನು ತಿಪ್ಪೆ. ಹಳ್ಳದ ಬದಿಯಲ್ಲಿ ಹಾಕಿದ ತಿಪ್ಪೆಯ ಸಾರ ಮಳೆಯ ಪಾಲು. ಮೇಲ್ಭಾಗದಲ್ಲಿ ಗುಂಡಿ ತೋಡಿ, ಸುತ್ತ ಬದು ಹಾಕಿ. ಕೆರೆಗೋಡು ಹೊತ್ತು ತಂದು ಹೊಲಕ್ಕೆ ಹಾಕಿದ ನಮ್ಮ ಹಿರಿಯರು, ಹರಿದುಹೋದದ್ದನ್ನೇ ತಿರುಗಿ ತರುತ್ತಿದ್ದರು. ಆ ದುಡಿತಕ್ಕೆ ಈಗ ಆಳು ಸಿಗುವುದಿಲ್ಲ.

ಸ್ಟೈಲೋ ಬೀಜ ಬೇಕಾದವರು ಮಳೆಗಾಲಕ್ಕೆ ಮುಂಚೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ. ಯಾರ ಹೊಲದ ಇಳಿಜಾರು ಎತ್ತ ಇದೆಯೆಂದು ನೋಡಬೇಕಿದ್ದರೆ ಕರೆಯಿರಿ, ಬರುತ್ತೇನೆ.